ಜೋಳಿಗೆಗೆ ಬೀಳದ ಚಟ

ಆಳಂದ ಸೀಮೆಯ ಸರಸಂಬಾದಂಥ ಊರಲ್ಲಿ ಮಗ ಚಟಕ್ಕೆ ಬಿದ್ದರೆ ತಾಯಿಗೆ ಮೊದಲು ನೆನಪಾಗುವುದು ಮಠ, ಇಲ್ಲವೇ ದರ್ಗಾ; ಆಸ್ಪತ್ರೆ ಆಮೇಲೆ. ಈ ನಂಬಿಕೆಗೆ ಚೆಂದದ ರೂಪ ಕೊಟ್ಟವರು ಇಳಕಲ್ಲಿನ ಮಹಾಂತ ಸ್ವಾಮೀಜಿ. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕಾಳಿನ ಬದಲು ದುಶ್ಚಟ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಮಹಾಂತ ಜೋಳಿಗೆಯ ದೊಡ್ಡ ಗುಣವೆಂದರೆ ಅದು ಬೈಯಲಿಲ್ಲ, ಬೇಡಿತು. ಊರೆಲ್ಲ ಹೀಗಳೆದ ಕುಡುಕ, ಸ್ವಾಮಿಗಳಿಗೇ ಭಿಕ್ಷೆ ನೀಡುವವನಾದ. ಬೀಡಿ, ಗುಟ್ಕಾದ ಮಟ್ಟಿಗೆ ನನಗೆ ತಕರಾರಿಲ್ಲ. (ನಿತ್ಯ ಮಿತಿಮೀರಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಅಲ್ಲಿ ಆಗಲೇ ವೈದ್ಯರು ಬೇಕು.)

ಅಫೀಮಿನ ಜಾತಿಯ ಚಟದಲ್ಲಿ ಮಾತ್ರ ಜೋಳಿಗೆ ಸೋಲುತ್ತದೆ. ಹೆರಾಯಿನ್ ಇರಲಿ, ಟ್ರಮಡಾಲ್‌ನಂಥ ನೋವಿನ ಗುಳಿಗೆ ಇರಲಿ, ದಿನಾ ತಗೊಂಡ ಮೈ ದೊಡ್ಡ ಪ್ರಮಾಣಕ್ಕೂ ಒಗ್ಗಿಹೋಗಿರುತ್ತದೆ. ಆಣೆ ಮಾಡಿ ಕೆಲವು ವಾರ ಬಿಟ್ಟರೆ ಆ ಒಗ್ಗಿಕೆ ಇಳಿಯುತ್ತದೆ, ಆಸೆ ಇಳಿಯುವುದಿಲ್ಲ. ಒಂದು ಸಂಜೆ ಮನಸ್ಸು ಸೋತು ಹಳೆಯ ಲೆಕ್ಕದಲ್ಲೇ ತಗೊಂಡರೆ ಉಸಿರು ನಿಲ್ಲಬಹುದು. ಅದೂ ಒಬ್ಬನೇ ಇದ್ದಾಗ. ಮಾತು ತಪ್ಪಿದವನು ಯಾರ ಕಣ್ಣಿಗೂ ಬೀಳದೆ ತಗೊಳ್ಳುತ್ತಾನಲ್ಲ!

ಇದಕ್ಕೆ ಮದ್ದಿದೆ. ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಗುಳಿಗೆ ಮೈಯ ಬೇಡಿಕೆಯನ್ನು ತಣಿಸುತ್ತದೆ. ವೈದ್ಯರ ನಿಗಾದಲ್ಲಿ ತಗೊಂಡವನು ಅಮಲಿಲ್ಲದೆ ಕೆಲಸಕ್ಕೆ ಹೋಗಬಲ್ಲ. ‘ಒಂದ್ ಚಟ ಬಿಡಿಸಿ ಇನ್ನೊಂದ್ ಹಚ್ಚಿದಂಗಾತು’ ಅನ್ನುವವರಿಗೆ ಫ್ರಾನ್ಸ್ ಉತ್ತರ ಕೊಟ್ಟಿದೆ: 1995ರ ಹೊತ್ತಿಗೆ ಅಲ್ಲಿ ಸಾಮಾನ್ಯ ವೈದ್ಯರೂ ಇದನ್ನು ಬರೆದುಕೊಡತೊಡಗಿದರು, 1999ರೊಳಗೆ ಅತಿಸೇವನೆಯ ಸಾವು ಸುಮಾರು 79% ಇಳಿಯಿತು. ಉಸಿರು ನಿಲ್ಲುತ್ತಿರುವವನನ್ನು ನಲಾಕ್ಸೋನ್ ಸೂಜಿಮದ್ದು ನಿಮಿಷಗಳಲ್ಲಿ ಎಬ್ಬಿಸುತ್ತದೆ. ಅದರ ಪ್ರಭಾವ ಬೇಗ ಇಳಿಯುವುದರಿಂದ ಎಚ್ಚರವಾದರೂ ಆಸ್ಪತ್ರೆ ತಪ್ಪಿಸುವಂತಿಲ್ಲ.

ಇದು ಪಂಜಾಬಿನ ರೋಗ, ನಮಗೇಕೆ ಎನ್ನುವಂತಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಈ ಜಾತಿಯ ಚಟಕ್ಕೆ ಚಿಕಿತ್ಸೆ ಬೇಕಾದವರು ಸುಮಾರು 77 ಲಕ್ಷ. ಅವರು ಹೆಚ್ಚಿರುವ ರಾಜ್ಯಗಳಲ್ಲಿ ಆಳಂದಕ್ಕೆ ಹತ್ತಿಕೊಂಡ ಮಹಾರಾಷ್ಟ್ರವೂ ಒಂದು. ಟ್ರಮಡಾಲನ್ನು 2018ರಲ್ಲೇ ಮಾದಕವಸ್ತು ಕಾಯ್ದೆಯಡಿ ತರಲಾಗಿದೆ. ಅದೇ ಕಾಯ್ದೆಯ 64ಎ ಕಲಮು ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಕೆಲವು ಪ್ರಕರಣಗಳಲ್ಲಿ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಪೊಲೀಸರ ಭಯಕ್ಕೆ ಮಗನನ್ನು ಕೋಣೆಯಲ್ಲಿ ಕೂಡಿಹಾಕುವ ಮನೆಗಳಿಗೆ ಇದನ್ನು ಹೇಳುವವರು ಯಾರು?

ಮಠಗಳ ಸ್ವಾಮಿಗಳೇ ಹೇಳಬಹುದು. ಆಗಸ್ಟ್ 1ರ ವೇದಿಕೆಯಲ್ಲಿ ಜೋಳಿಗೆಯ ಪಕ್ಕ ಒಬ್ಬ ಮನೋವೈದ್ಯರನ್ನು ಕೂಡಿಸಬೇಕು, 14446 ಸಹಾಯವಾಣಿಯ ಫಲಕ ತೂಗುಹಾಕಬೇಕು. ಹೋದ ವರ್ಷ ಆಣೆ ಮಾಡಿ ಮುರಿದವರನ್ನು ಈ ಸಲ ಮೊದಲು ಕರೆಯಬೇಕು.