ಮಿಲ್ಟನ್ ಮಹಾಕವಿಯ ಕಾವ್ಯದಲ್ಲಿ ಪೂರ್ವನಿಯತಿಯೂ ಜೀವಸ್ವಾತಂತ್ರ್ಯವೂ

ಆಂಗ್ಲಕವಿ ಜಾನ್ ಮಿಲ್ಟನ್ನನ (೧೬೦೮–೧೬೭೪) ‘ಪ್ಯಾರಡೈಸ್ ಲಾಸ್ಟ್’ ಎಂಬ ಮಹಾಕಾವ್ಯವು ೧೬೬೭ರಲ್ಲಿ ಹತ್ತು ಸರ್ಗಗಳಾಗಿ ಪ್ರಕಟವಾಯಿತು; ೧೬೭೪ರ ದ್ವಿತೀಯ ಮುದ್ರಣದಲ್ಲಿ ಅದನ್ನೇ ಹನ್ನೆರಡು ಸರ್ಗಗಳಾಗಿ ವಿಂಗಡಿಸಲಾಯಿತು. ಆದಿದಂಪತಿಗಳಾದ ಆದಾಮನೂ ಹವ್ವಳೂ ನಿಷಿದ್ಧಫಲವನ್ನು ತಿಂದು ಏದೆನ್ ವನದಿಂದ ಹೊರಹಾಕಲ್ಪಟ್ಟ ಕಥೆಯೇ ಇದರ ವಸ್ತು. ಗ್ರಂಥಾರಂಭದಲ್ಲಿ ಕವಿಯು ಒಂದು ಪ್ರತಿಜ್ಞೆಯನ್ನು ಮಾಡುತ್ತಾನೆ: ದೇವರ ನಡವಳಿಕೆಯು ನ್ಯಾಯವಾದುದೆಂದು ಮನುಷ್ಯರಿಗೆ ಸಮರ್ಥಿಸಿ ತೋರಿಸುವುದು. ಇಂಥ ಪ್ರತಿಜ್ಞೆಯು ಶಾಸ್ತ್ರಕಾರನಿಗೆ ಸಹಜ, ಕವಿಗೆ ಅಪಾಯಕರ. ಶಾಸ್ತ್ರದಲ್ಲಿ ಹೇತುವು ನಿರ್ದುಷ್ಟವಾಗಿದ್ದರೆ ಸಾಧ್ಯವು ಸಿದ್ಧಿಸಿದಂತೆಯೇ. ಕಾವ್ಯದಲ್ಲಾದರೋ ಹೇತು ಎಷ್ಟು ಶುದ್ಧವಾಗಿದ್ದರೂ ಸಹೃದಯನ ಹೃದಯವು ಒಡಂಬಡದಿದ್ದರೆ ಪ್ರತಿಜ್ಞೆಯು ನಿಷ್ಫಲವಾಗುತ್ತದೆ. ಈ ಸಮರ್ಥನೆಯ ಸ್ಥಾನವು ದೇವರೇ ಮಾತನಾಡುವ ತೃತೀಯ ಸರ್ಗವೆಂಬುದು ವಿಮರ್ಶಕರಲ್ಲಿ ಬಹುಕಾಲದಿಂದ ರೂಢವಾಗಿರುವ ಅಭಿಪ್ರಾಯ. ಸೂಕ್ಷ್ಮವಾಗಿ ನೋಡಿದರೆ ಅಲ್ಲಿ ಸಿದ್ಧಾಂತವು ಹೇಳಲ್ಪಡುತ್ತದೆಯೇ ಹೊರತು ಸಾಧಿಸಲ್ಪಡುವುದಿಲ್ಲ. ಅದು ಸಾಧಿಸಲ್ಪಡುವುದು ಒಂಬತ್ತು, ಹತ್ತನೆಯ ಸರ್ಗಗಳಲ್ಲಿ, ಗಂಡಹೆಂಡಿರ ಕಲಹದಲ್ಲಿ.

ಮೊದಲು ಪ್ರಶ್ನೆಯ ಸ್ವರೂಪವನ್ನು ತಿಳಿಯಬೇಕು. ಕ್ರೈಸ್ತರ ದೇವರು ಸರ್ವಜ್ಞ, ಸರ್ವಶಕ್ತ, ಪರಮದಯಾಳು. ಆದಾಮನು ಬೀಳುವನೆಂದು ಅವನು ಮೊದಲೇ ಬಲ್ಲವನಾದರೆ ಆ ಪತನವು ಅನಿವಾರ್ಯ. ಅನಿವಾರ್ಯವಾದುದಕ್ಕೆ ದಂಡನೆ ಹೇಗೆ ಯುಕ್ತ? ಬಲ್ಲವನಲ್ಲವೆಂದರೆ ಸರ್ವಜ್ಞತ್ವಕ್ಕೆ ಹಾನಿ. ಪತನಾನಂತರದಲ್ಲಿಯೂ ಇದೇ ತೊಡಕು. ರಕ್ಷಣೆಯು ಕೇವಲ ಕೃಪೆಯಿಂದಲೇ ಆಗುವುದಾದರೆ ಕೃಪೆ ದೊರೆಯದವನ ಅಪರಾಧವೇನು? ಜೀವನ ಪ್ರಯತ್ನದಿಂದ ಆಗುವುದಾದರೆ ಕೃಪೆಗೆ ಉಳಿದ ಕೆಲಸವೇನು? ತಾರ್ಕಿಕರು ಹೇಳುವ ಉಭಯತಃಪಾಶರಜ್ಜುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. (‘ಮೋಕ್ಷ’ವೆನ್ನದೆ ‘ರಕ್ಷಣೆ’ ಎಂದದ್ದು ಬುದ್ಧಿಪೂರ್ವಕ. ಸಂಸಾರಚಕ್ರದಿಂದ ಬಿಡುಗಡೆಯಾಗುವುದು ಬೇರೆ, ಪಾಪದಿಂದಲೂ ಅದರ ದಂಡನೆಯಿಂದಲೂ ಉದ್ಧಾರವಾಗುವುದು ಬೇರೆ. ಕನ್ನಡ ಕ್ರೈಸ್ತರು ಬಳಸುವ ಶಬ್ದವೇ ಇಲ್ಲಿ ಸಾಧು.)

ಐದನೆಯ ಶತಮಾನದಲ್ಲಿ ಆಗಸ್ಟೀನನು ಕೃಪಾಪಕ್ಷವನ್ನೂ ಪೆಲಾಗಿಯಸನು ಪ್ರಯತ್ನಪಕ್ಷವನ್ನೂ ಹಿಡಿದು ವಾದಿಸಿದರು. ೪೧೮ರ ಕಾರ್ಥೇಜ್ ಸಭೆಯು ಪೆಲಾಗಿಯಸನ ಮತವನ್ನು ತಿರಸ್ಕರಿಸಿತು. ೧೫೨೪ರಲ್ಲಿ ಎರಾಸ್ಮಸನು ಇಚ್ಛಾಸ್ವಾತಂತ್ರ್ಯವನ್ನು ಸಮರ್ಥಿಸಿ ಬರೆದುದಕ್ಕೆ ಲೂಥರನು ೧೫೨೫ರಲ್ಲಿ ಇಚ್ಛೆಯು ದಾಸ್ಯದಲ್ಲಿದೆಯೆಂದು ಉತ್ತರ ಕೊಟ್ಟನು. ಕ್ಯಾಲ್ವಿನನು ತನ್ನ ಮಹಾಗ್ರಂಥದ ೧೫೫೯ರ ಅಂತಿಮ ಪಾಠದಲ್ಲಿ, ಕೆಲವರು ನಿತ್ಯಜೀವನಕ್ಕೂ ಕೆಲವರು ನಿತ್ಯನಾಶಕ್ಕೂ ದೇವರಿಂದಲೇ ನಿಯತರಾಗಿದ್ದಾರೆಂದು ನಿಷ್ಠುರವಾಗಿ ನಿರ್ಣಯಿಸಿದನು. ಲೈಡನ್ನಿನ ಪ್ರಾಧ್ಯಾಪಕ ಆರ್ಮಿನಿಯಸನು ಈ ನಿರ್ಣಯವನ್ನು ಸಡಿಲಿಸಿ, ಯಾರು ವಿಶ್ವಾಸಿಗಳಾಗುವರೆಂದು ದೇವರು ಮುಂದಾಗಿ ಕಂಡಿರುವನೋ ಅವರನ್ನೇ ವರಿಸಿದನೆಂದೂ, ಕೃಪೆಯನ್ನು ಜೀವನು ನಿರಾಕರಿಸಬಲ್ಲನೆಂದೂ ಬೋಧಿಸಿದನು. ಅವನ ಅನುಯಾಯಿಗಳು ೧೬೧೦ರಲ್ಲಿ ಮಂಡಿಸಿದ ಐದು ಸೂತ್ರಗಳನ್ನು ೧೬೧೮–೧೯ರಲ್ಲಿ ಡಾರ್ಟ್ ನಗರದ ಮಹಾಸಭೆಯು ಖಂಡಿಸಿತು. ಆಗ ಮಿಲ್ಟನ್ ಹತ್ತು ವರ್ಷದ ಬಾಲಕ.

ಸಂಸ್ಕೃತಶಾಸ್ತ್ರಗಳಲ್ಲಿ ಪರಿಚಯವುಳ್ಳ ವಾಚಕನಿಗೆ ಇಲ್ಲಿ ಬ್ರಹ್ಮಸೂತ್ರದ ವೈಷಮ್ಯನೈರ್ಘೃಣ್ಯಾಧಿಕರಣವು ಥಟ್ಟನೆ ನೆನಪಾಗುವುದು. ಜಗತ್ತಿನಲ್ಲಿ ಕಾಣುವ ವೈಷಮ್ಯಕ್ಕೆ ಈಶ್ವರನು ಹೊಣೆಯಲ್ಲ, ಅವನು ಜೀವರ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುತ್ತಾನೆ, ಕರ್ಮವು ಅನಾದಿ ಎಂಬುದು ಅಲ್ಲಿಯ ಸಮಾಧಾನ. ಮಧ್ವಾಚಾರ್ಯರು ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ವಿಧ ಹೇಳಿದುದನ್ನು ಕ್ಯಾಲ್ವಿನನ ಮತಕ್ಕೆ ಹೋಲಿಸುವ ರೂಢಿಯುಂಟು. ಆ ಸಾದೃಶ್ಯವು ಮೇಲುಮೇಲಿನದು. ಮಾಧ್ವಸಿದ್ಧಾಂತದಲ್ಲಿ ಯೋಗ್ಯತೆಯು ಜೀವನ ಅನಾದಿಸ್ವರೂಪದಲ್ಲಿಯೇ ನಿಂತಿದೆ. ಕ್ಯಾಲ್ವಿನನಲ್ಲಿ ಜೀವನು ಶೂನ್ಯದಿಂದ ಸೃಷ್ಟನಾದವನು, ಭೇದವೆಲ್ಲ ದೇವರ ಸಂಕಲ್ಪದಿಂದಲೇ ಬಂದದ್ದು. ಈ ಅಂತರವೇ ಮಿಲ್ಟನ್ನನ ಕಷ್ಟಕ್ಕೆ ಮೂಲ. ಆದಾಮನಿಗೆ ಪೂರ್ವಜನ್ಮವಿಲ್ಲ, ಪ್ರಾರಬ್ಧವಿಲ್ಲ, ದುರ್ವಾಸನೆಯಿಲ್ಲ. ಅವನು ನಿರ್ಮಲನಾಗಿ ಸೃಷ್ಟನಾದವನು. ಅವನ ಮೊದಲನೆಯ ಪಾಪಕ್ಕೆ ಹಿಂದೆ ಯಾವ ಪಾಪವನ್ನೂ ಕಾರಣವಾಗಿ ತೋರಿಸುವಂತಿಲ್ಲ. ಅನಾದಿತ್ವದಲ್ಲಿ ಆಶ್ರಯ ಪಡೆಯಲಾರದ ಕವಿಯು ಅಪರಾಧವು ಹುಟ್ಟುವ ಕ್ಷಣವನ್ನೇ ಕಣ್ಣೆದುರಿಗೆ ನಡೆಸಿ ತೋರಿಸಬೇಕಾಗುತ್ತದೆ.

ಕವಿಯ ಸ್ವಂತ ಅಭಿಪ್ರಾಯವು ಕ್ರಮೇಣ ಬೆಳೆದುದು. ಮುದ್ರಣಸ್ವಾತಂತ್ರ್ಯಕ್ಕಾಗಿ ೧೬೪೪ರಲ್ಲಿ ಬರೆದ ‘ಅರಿಯೋಪಜಿಟಿಕ’ದಲ್ಲಿ ಆರ್ಮಿನಿಯಸನ ಬುದ್ಧಿಯನ್ನು ಹೊಗಳುತ್ತಲೇ, ಅವನು ಖಂಡಿಸಲೆಂದು ಓದಿದ ಗ್ರಂಥದಿಂದಲೇ ದಾರಿತಪ್ಪಿದನೆಂದು ಮಿಲ್ಟನ್ ಹೇಳುತ್ತಾನೆ. ಅದೇ ಗ್ರಂಥದಲ್ಲಿ, ಆರಿಸಿಕೊಳ್ಳುವ ಶಕ್ತಿಯಿಲ್ಲದ ಆದಾಮನು ಸೂತ್ರದ ಬೊಂಬೆಯ ಆದಾಮನಾಗುತ್ತಿದ್ದನೆಂದೂ ವಾದಿಸುತ್ತಾನೆ. ಬೀಜವು ಆಗಲೇ ಬಿದ್ದಿತ್ತು. ೧೮೨೩ರಲ್ಲಿ ದೊರೆತು ೧೮೨೫ರಲ್ಲಿ ಅಚ್ಚಾದ ಲ್ಯಾಟಿನ್ ಮತಗ್ರಂಥದಲ್ಲಿ ಪೂರ್ವನಿಯತಿಯೆಂಬುದು ರಕ್ಷಣೆಗೆ ಮಾತ್ರ ಸಂಬಂಧಿಸಿದ್ದು, ನಾಶಕ್ಕಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಆ ಗ್ರಂಥವು ಮಿಲ್ಟನ್ನನದೇ ಎಂಬ ವಿಷಯದಲ್ಲಿ ೧೯೯೧ರಲ್ಲಿ ಸಂಶಯವೆದ್ದಿತಾದರೂ, ಅನಂತರ ಹಸ್ತಪ್ರತಿಯನ್ನು ಪರೀಕ್ಷಿಸಿದ ವಿದ್ವಾಂಸರು ೨೦೦೭ರಲ್ಲಿ ಅದು ಅವನದೇ ಎಂದು ನಿರ್ಣಯಿಸಿದರು. ಕಾವ್ಯವನ್ನು ಮುಗಿಸುವ ವೇಳೆಗೆ ಅವನು ಕುರುಡ. ಅವನು ಸೇವೆ ಸಲ್ಲಿಸಿದ ಪ್ರಜಾರಾಜ್ಯವು ಕುಸಿದು ೧೬೬೦ರಲ್ಲಿ ಅರಸನು ಮರಳಿ ಬಂದಿದ್ದನು. ಸರ್ವವೂ ದೇವರ ಸಂಕಲ್ಪವೆಂದರೆ ಆ ಸೋಲೂ ದೇವರದೇ ಆಗಬೇಕು. ಹೀಗಿರಲು ಸ್ವಾತಂತ್ರ್ಯವಾದವು ಅವನಿಗೆ ಕೇವಲ ಪಾಂಡಿತ್ಯದ ವಿಷಯವಾಗಿರಲಿಲ್ಲ.

ಇನ್ನು ಕಾವ್ಯಕ್ಕೆ ಬರೋಣ. ದ್ವಿತೀಯ ಸರ್ಗದಲ್ಲಿ ನರಕಕ್ಕೆ ಬಿದ್ದ ದೂತರು ನಾಯಕನ ನಿರೀಕ್ಷೆಯಲ್ಲಿ ಕಾಲ ಕಳೆಯುತ್ತಿರುವಾಗ, ಅವರಲ್ಲಿ ಕೆಲವರು ಗುಡ್ಡದ ಮೇಲೆ ಕುಳಿತು ಪೂರ್ವಜ್ಞಾನ, ವಿಧಿ, ಇಚ್ಛೆಗಳನ್ನು ಕುರಿತು ಶಾಸ್ತ್ರಾರ್ಥ ಮಾಡುತ್ತಾರೆ. ಕೊನೆ ಕಾಣದೆ ಸುತ್ತುಸುತ್ತಾಗಿ ಅಲೆಯುತ್ತಾರೆ. ಇಲ್ಲಿ ಕವಿಯ ಪರಿಹಾಸವು ಸ್ಫುಟವಾಗಿದೆ. ಆದರೆ ಅದರ ಮರುಸರ್ಗದಲ್ಲಿಯೇ ಪರಮಪಿತನು ಸಿಂಹಾಸನದಿಂದ ಅದೇ ವಿಷಯವನ್ನೆತ್ತಿಕೊಂಡು ಉಪನ್ಯಾಸ ಮಾಡುತ್ತಾನೆ. ನರಕದಲ್ಲಿ ವ್ಯರ್ಥಪ್ರಲಾಪವಾದದ್ದು ಸ್ವರ್ಗದಲ್ಲಿ ಸಿದ್ಧಾಂತವಾಗಬೇಕಾದರೆ ಧ್ವನಿಯಲ್ಲಾದರೂ ಭೇದವಿರಬೇಕು. ಆ ಭೇದವು ಸಾಲದು. ಮಿಲ್ಟನ್ನನು ಪರಮಪಿತನನ್ನು ಮಠದ ಶಾಸ್ತ್ರಿಯನ್ನಾಗಿ ಮಾಡಿದನೆಂದು ಹದಿನೆಂಟನೆಯ ಶತಮಾನದಲ್ಲಿಯೇ ಪೋಪ್ ಕವಿಯು ಹಾಸ್ಯಮಾಡಿದ್ದನು. ಆ ಹಾಸ್ಯವನ್ನು ಅನ್ಯಾಯವೆನ್ನುವಂತಿಲ್ಲ.

ವಾದದಲ್ಲಿ ದೋಷವಿಲ್ಲವೆಂಬುದನ್ನೂ ಒಪ್ಪಬೇಕು. ನಿಲ್ಲಲು ಸಾಕಾದಷ್ಟು ಬಲವನ್ನು ಕೊಟ್ಟೆನು, ಬೀಳುವ ಸ್ವಾತಂತ್ರ್ಯವನ್ನೂ ಕೊಟ್ಟೆನು. ನನಗೆ ತಿಳಿದಿದ್ದುದರಿಂದ ಅವರು ಬೀಳಲಿಲ್ಲ, ತಿಳಿಯದಿದ್ದರೂ ಬೀಳುತ್ತಿದ್ದರು. ಬಲಾತ್ಕಾರದ ವಿಧೇಯತೆಯಿಂದ ನನಗೇನು ಸಂತೋಷ? ಎಂಬುದು ದೇವರ ಮಾತಿನ ತಾತ್ಪರ್ಯ. ಜ್ಞಾನವು ವಿಷಯವನ್ನು ಅನುಸರಿಸುವುದೇ ಹೊರತು ವಿಷಯವನ್ನು ಹುಟ್ಟಿಸುವುದಿಲ್ಲವೆಂಬುದು ಈ ದೇಶದ ತಾರ್ಕಿಕರಿಗೂ ಸಮ್ಮತ. ತೊಡಕಿರುವುದು ಭಾಷೆಯಲ್ಲಿ. ಇನ್ನೂ ನಡೆಯದ ಪತನವನ್ನು ಒಮ್ಮೆ ಭವಿಷ್ಯತ್ತಿನಲ್ಲಿ ಹೇಳಿದ ದೇವರು, ಮರುಕ್ಷಣದಲ್ಲಿ ಭೂತಕಾಲಕ್ಕೆ ತಿರುಗಿ, ಕೃತಘ್ನನು ನನ್ನಿಂದ ಎಲ್ಲವನ್ನೂ ಪಡೆದಿದ್ದನೆಂದು ದೂರುತ್ತಾನೆ. ಮೂರು ಕಾಲಗಳೂ ದೇವರಿಗೆ ಏಕದೃಷ್ಟಿಯಲ್ಲಿ ಕಾಣುವುವೆಂದು ಆರನೆಯ ಶತಮಾನದಲ್ಲಿ ಬೊಯೀಥಿಯಸನು ಹೇಳಿದ ಸಮಾಧಾನವನ್ನು ಹಿಡಿದರೆ ವ್ಯಾಕರಣವು ಸಮರ್ಥನೀಯವಾದೀತು. ಓದುವವನ ಕಿವಿಗೆ ಮಾತ್ರ, ಅಪರಾಧವು ನಡೆಯುವ ಮುನ್ನವೇ ತೀರ್ಪು ಬರೆದಿಟ್ಟ ನ್ಯಾಯಾಧೀಶನ ದನಿಯೇ ಕೇಳಿಸುತ್ತದೆ.

ಇದಲ್ಲದೆ ಎರಡನೆಯ ಭಾಷಣದಲ್ಲಿ, ವಿಶೇಷಕೃಪೆಯಿಂದ ಕೆಲವರನ್ನು ಇತರರಿಗಿಂತ ಮೇಲಾಗಿ ವರಿಸಿದ್ದೇನೆಂದೂ ಉಳಿದವರು ಕರೆಯನ್ನು ಕೇಳುವರೆಂದೂ ದೇವರು ಹೇಳುತ್ತಾನೆ. ಆರ್ಮಿನಿಯಸನ ಮತದ ನಡುವೆ ಕ್ಯಾಲ್ವಿನನ ವಾಕ್ಯವೊಂದು ಹೇಗೆ ನುಸುಳಿತೆಂದು ವ್ಯಾಖ್ಯಾತೃಗಳು ಶ್ರಮಪಟ್ಟಿದ್ದಾರೆ. ಕಠೋಪನಿಷತ್ತಿನ ವರಣಶ್ರುತಿಯನ್ನು ಭಾಷ್ಯಕಾರರು ತಂತಮ್ಮ ಮತಕ್ಕೆ ಎಳೆದುಕೊಂಡಂತೆ ಇದನ್ನೂ ಎಳೆಯಬಹುದು. ಪೌಲನಂಥ ಅಪೊಸ್ತಲರಿಗೆ ಮಾತ್ರ ಅನ್ವಯಿಸಿದರೆ ಉಳಿದ ವಾದಕ್ಕೆ ಬಾಧಕವಿಲ್ಲ. ಆದರೆ ಹಾಗೆ ಸಂಕೋಚಿಸಲು ಕಾವ್ಯದಲ್ಲಿ ಪ್ರಮಾಣವಿಲ್ಲ. ಇದನ್ನು ಕವಿಯ ಮನಸ್ಸಿನಲ್ಲಿ ಉಳಿದಿದ್ದ ಹಳೆಯ ಬೋಧನೆಯ ಶೇಷವೆಂದು ಬಿಡುವುದೇ ಲೇಸು.

ಕಥಾಭಾಗವೂ ದೇವರ ಪಕ್ಷಕ್ಕೆ ಸದಾ ಅನುಕೂಲವಾಗಿಲ್ಲ. ನರಕದ ಬೀಗದ ಕೈಯನ್ನು ಪಾಪವೆಂಬ ಸ್ತ್ರೀಯ ವಶದಲ್ಲಿಯೇ ಇಡಲಾಗಿದೆ. ಅವಳು ಸೈತಾನನ ಮಗಳು, ಬಾಗಿಲು ತೆರೆಯುತ್ತಾಳೆ. ಚತುರ್ಥ ಸರ್ಗದಲ್ಲಿ ಸೈತಾನನು ಏದೆನ್ನಿನಲ್ಲಿ ಕಾವಲುಗಾರರ ಕೈಗೆ ಸಿಕ್ಕಿಬಿದ್ದಾಗ, ದೇವರು ಆಕಾಶದಲ್ಲಿ ತಕ್ಕಡಿಯನ್ನು ತೋರಿಸಿ ಕಾಳಗವನ್ನು ತಪ್ಪಿಸುತ್ತಾನೆ, ಸೈತಾನನು ಪಾರಾಗುತ್ತಾನೆ. ಕೈಗೆ ಸಿಕ್ಕ ಕಳ್ಳನನ್ನು ಬಿಟ್ಟುಬಿಟ್ಟು ಮನೆಯವರಿಗೆ ಎಚ್ಚರಿಕೆ ಹೇಳಿಕಳುಹಿಸುವ ಒಡೆಯನನ್ನು ಏನೆನ್ನಬೇಕು? ಇಂಥ ಸಂಗತಿಗಳನ್ನೇ ಕೂಡಿಹಾಕಿ ವಿಲಿಯಂ ಎಂಪ್ಸನ್ ೧೯೬೧ರಲ್ಲಿ, ಈ ಕಾವ್ಯದ ದೇವರು ದುಷ್ಟನಾಗಿ ತೋರುವುದೇ ಕಾವ್ಯದ ಶ್ರೇಷ್ಠತೆಗೆ ಕಾರಣವೆಂದು ಬರೆದನು. ಅವನು ತೋರಿಸಿದ ಸ್ಥಳಗಳು ನಿಜ. ಅವನ ನಿಗಮನವು ಅತಿವ್ಯಾಪ್ತ. ಚತುರ್ಥ ಸರ್ಗದ ಆರಂಭದಲ್ಲಿ ಸೈತಾನನೇ ಏಕಾಂತದಲ್ಲಿ, ನಿಲ್ಲುವ ಸ್ವಾತಂತ್ರ್ಯವೂ ಶಕ್ತಿಯೂ ತನಗೂ ಇದ್ದುವು, ದೂರಲು ಯಾರೂ ಇಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಪ್ರತಿವಾದಿಯ ಈ ಸಾಕ್ಷ್ಯವನ್ನು ಎಂಪ್ಸನ್ ತೂಗಬೇಕಾದಷ್ಟು ತೂಗಲಿಲ್ಲ.

ಆದರೂ ಆಕ್ಷೇಪವು ಉಳಿದೇ ಇದೆ: ಅಪಾಯವನ್ನು ಬಲ್ಲವನು ಏಕೆ ತಡೆಯಲಿಲ್ಲ? ಇದಕ್ಕೆ ಉತ್ತರವು ನವಮಸರ್ಗದಲ್ಲಿದೆ. ಬೆಳಗ್ಗೆ ಹವ್ವಳು, ಇಬ್ಬರೂ ಬೇರೆಬೇರೆಯಾಗಿ ತೋಟದ ಕೆಲಸ ಮಾಡೋಣವೆನ್ನುತ್ತಾಳೆ. ಶತ್ರುವು ಹೊಂಚುಹಾಕಿರುವನೆಂದು ಆದಾಮನು ಬಲ್ಲನು. ಒಟ್ಟಿಗಿರೋಣವೆಂದು ಪ್ರೀತಿಯಿಂದ, ಯುಕ್ತಿಯಿಂದ ಹೇಳುತ್ತಾನೆ. ಪರೀಕ್ಷೆಗೆ ಒಳಗಾಗದ ಶೀಲವು ಎಂಥ ಶೀಲವೆಂದು ಅವಳು ಮರುನುಡಿಯುತ್ತಾಳೆ. ಕೊನೆಗೆ ಅವನು, ಮನಸ್ಸಿಲ್ಲದೆ ಇಲ್ಲಿದ್ದರೆ ನೀನು ಹೋದುದಕ್ಕಿಂತಲೂ ದೂರವಾದಂತೆ, ಹೋಗು ಎನ್ನುತ್ತಾನೆ. ಇಬ್ಬರ ಕೈಗಳು ಬಿಡುತ್ತವೆ. ಹವ್ವಳು ಸರ್ಪದ ಮಾತಿಗೆ ಮೋಸಹೋಗಿ ತಿನ್ನುತ್ತಾಳೆ. ಆದಾಮನು ಮೋಸಹೋಗದೆ, ತಿಳಿದೂ ತಿಳಿದೂ, ಅವಳನ್ನು ಬಿಟ್ಟಿರಲಾರದೆ ತಿನ್ನುತ್ತಾನೆ. ಅನಂತರದ ಜಗಳದಲ್ಲಿ ಹವ್ವಳು ಕೇಳುವ ಪ್ರಶ್ನೆಯನ್ನು ಗಮನಿಸಬೇಕು: ನೀನು ಯಜಮಾನನಲ್ಲವೆ, ಹೋಗಕೂಡದೆಂದು ಏಕೆ ಖಂಡಿತವಾಗಿ ಅಪ್ಪಣೆ ಮಾಡಲಿಲ್ಲ? ಆದಾಮನ ಉತ್ತರ: ಎಚ್ಚರಿಸಿದೆ, ಅಪಾಯವನ್ನು ಮುಂದಾಗಿ ಹೇಳಿದೆ; ಅದರಿಂದಾಚೆಗೆ ಬಲಾತ್ಕಾರವೊಂದೇ ಉಳಿದಿತ್ತು, ಸ್ವತಂತ್ರವಾದ ಇಚ್ಛೆಯ ಮೇಲೆ ಬಲಾತ್ಕಾರಕ್ಕೆ ಇಲ್ಲಿ ಸ್ಥಳವಿಲ್ಲ.

ಮನುಷ್ಯನು ದೇವರ ಮೇಲೆ ಹೊರಿಸುವ ದೂರನ್ನೇ ಹೆಂಡತಿಯು ಗಂಡನ ಮೇಲೆ ಹೊರಿಸಿದ್ದಾಳೆ. ತೃತೀಯ ಸರ್ಗದಲ್ಲಿ ದೇವರು ಕೊಟ್ಟ ಉತ್ತರವನ್ನೇ ಗಂಡನು ಕೊಟ್ಟಿದ್ದಾನೆ. ಸಿಂಹಾಸನದಿಂದ ಬಂದಾಗ ಒಣಗಿದ್ದ ಮಾತು ಇಲ್ಲಿ ನೋವಿನಿಂದ ಒದ್ದೆಯಾಗಿದೆ. ಅನುಮತಿಯು ಪ್ರೇರಣೆಯಲ್ಲವೆಂಬುದು ಶಾಸ್ತ್ರದಲ್ಲಿ ಕೇವಲ ವಿಭಾಗ. ಹೆಂಡತಿಯ ಕೈಯನ್ನು ಬಿಟ್ಟ ಗಂಡನಲ್ಲಿ ಅದು ಅನುಭವ. ಪ್ರೀತಿಸಿದವನು ಕಟ್ಟಿಹಾಕಲಾರನೆಂಬುದನ್ನು ವಾಚಕನು ಒಪ್ಪುವುದು ಇಲ್ಲಿಯೇ. ಆದಾಮನ ಉತ್ತರದಲ್ಲಿ ಸ್ವಲ್ಪ ಆತ್ಮಸಮರ್ಥನೆಯ ವಾಸನೆಯೂ ಇದೆಯೆಂಬುದು ಬೇರೆ ಮಾತು. ಅದರಿಂದ ದೇವರ ಉತ್ತರದ ಮೇಲೂ ಒಂದು ನೆರಳು ಬೀಳುತ್ತದೆ, ಅದನ್ನು ಕವಿಯು ಅಳಿಸಿಲ್ಲ.

ದಶಮಸರ್ಗದಲ್ಲಿ ಕೃಪೆಯ ಪ್ರಶ್ನೆ ಬರುತ್ತದೆ. ತೀರ್ಪಾದ ಮೇಲೆ ಆದಾಮನು ರಾತ್ರಿಯ ಕತ್ತಲಲ್ಲಿ ನೆಲದ ಮೇಲೆ ಬಿದ್ದು, ನನ್ನನ್ನು ಸೃಷ್ಟಿಸೆಂದು ನಾನೇನು ಕೇಳಿದ್ದೆನೆ ಎಂದು ಪ್ರಲಾಪಿಸುತ್ತಾನೆ. ತರ್ಕವನ್ನೆಲ್ಲ ಸುತ್ತಿ ತನ್ನ ಅಪರಾಧಕ್ಕೇ ಮರಳಿ ಬರುತ್ತಾನೆ. ಆದರೂ ಹೃದಯ ಕರಗುವುದಿಲ್ಲ. ಹತ್ತಿರ ಬಂದ ಹವ್ವಳನ್ನು ಸರ್ಪವೆಂದು ಬಯ್ದು ಅಟ್ಟುತ್ತಾನೆ. ಅವಳು ಹೋಗುವುದಿಲ್ಲ. ಕಾಲಿಗೆ ಬಿದ್ದು, ಶಿಕ್ಷೆಯೆಲ್ಲವೂ ನನ್ನ ಮೇಲೆಯೇ ಬೀಳಲಿ ಎಂದು ಬೇಡುತ್ತಾಳೆ. ತೃತೀಯ ಸರ್ಗದಲ್ಲಿ ಸ್ವರ್ಗವೆಲ್ಲ ಮೌನವಾಗಿದ್ದಾಗ ದೇವಕುಮಾರನು ಆಡಿದ ಮಾತೂ ಇದೇ. ಅವಳಿಗೆ ಆ ಮಾತು ಗೊತ್ತಿಲ್ಲ. ಅವಳ ಮಾತಿನಿಂದ ರಕ್ಷಣೆಯಾಗುವುದೂ ಇಲ್ಲ. ಆದರೆ ಅದರಿಂದಲೇ ಆದಾಮನು ಮೃದುವಾಗುತ್ತಾನೆ, ಇಬ್ಬರೂ ತೀರ್ಪಾದ ಸ್ಥಳಕ್ಕೆ ಹೋಗಿ ಸಾಷ್ಟಾಂಗವಾಗಿ ಬಿದ್ದು ಕಣ್ಣೀರಿನಿಂದ ಕ್ಷಮೆ ಬೇಡುತ್ತಾರೆ. ಸರ್ಗವು ಅಲ್ಲಿಗೆ ಮುಗಿಯುತ್ತದೆ.

ಹನ್ನೊಂದನೆಯ ಸರ್ಗದ ಮೊದಲಲ್ಲಿ ಕವಿಯು ಬೇರೊಂದು ಸಮಾಚಾರವನ್ನು ತಿಳಿಸುತ್ತಾನೆ: ಪೂರ್ವಗಾಮಿಯಾದ ಕೃಪೆಯು ಮೇಲಿನಿಂದ ಇಳಿದು ಅವರ ಹೃದಯದ ಕಲ್ಲನ್ನು ಆಗಲೇ ತೆಗೆದಿತ್ತು. ಸ್ವಲ್ಪ ಮುಂದೆ ದೇವರೂ, ಅವನು ಪಶ್ಚಾತ್ತಾಪಪಡುತ್ತಿರುವುದು ನನ್ನ ಪ್ರೇರಣೆಯಿಂದ ಎನ್ನುತ್ತಾನೆ. ಹಾಗಾದರೆ ಹವ್ವಳ ಕಣ್ಣೀರು ಯಾರದು? ಕವಿಯು ಕೊಟ್ಟದ್ದನ್ನು ಕಸಿದುಕೊಂಡನೆಂಬ ಆಕ್ಷೇಪವು ಬಲವಾದುದು. ಸಿದ್ಧಾಂತದಲ್ಲಿ ಮುಂದೆ ಇರಬೇಕಾದ ಕೃಪೆಯನ್ನು ಕಥನದಲ್ಲಿ ಹಿಂದೆ ಇಟ್ಟಿರುವುದೇ ಇದಕ್ಕೆ ಸಮಾಧಾನ. ಪ್ರಸಂಗವು ನಡೆಯುತ್ತಿರುವಾಗ ಸ್ವರ್ಗದ ಪ್ರೇರಣೆಯನ್ನು ಹೇಳದೆ, ಅವಮಾನಿತಳಾದ ಒಬ್ಬ ಹೆಂಗಸಿನ ಪ್ರೀತಿಯೊಂದರಿಂದಲೇ ಎಲ್ಲವನ್ನೂ ನಡೆಸಿ, ವಾಚಕನು ಅದನ್ನು ಸ್ವತಂತ್ರಕಾರ್ಯವೆಂದು ಪೂರ್ತಿಯಾಗಿ ಅನುಭವಿಸಿದ ಮೇಲೆ ಕೃಪೆಯ ಮಾತನ್ನು ಕವಿಯು ತಂದಿದ್ದಾನೆ. ಸರ್ಗದ ಆದಿಯಲ್ಲಿಯೇ ಕೃಪೆಯು ಇಳಿಯಿತೆಂದು ಹೇಳಿದ್ದರೆ ಹವ್ವಳು ಸೂತ್ರದ ಬೊಂಬೆಯಾಗುತ್ತಿದ್ದಳು. ಕೃಪೆಯನ್ನು ಹೇಳದೆಯೇ ಬಿಟ್ಟಿದ್ದರೆ ಕಾವ್ಯವು ಪೆಲಾಗಿಯಸನದಾಗುತ್ತಿತ್ತು. ಡಾರ್ಟಿನ ಪಂಡಿತರು ಈ ಕ್ರಮವನ್ನು ಒಪ್ಪುತ್ತಿರಲಿಲ್ಲ. ಆರ್ಮಿನಿಯಸನೂ ಇಷ್ಟು ವಿಳಂಬವನ್ನು ಸಹಿಸುತ್ತಿದ್ದನೋ ಇಲ್ಲವೋ.

ದ್ವಾದಶಸರ್ಗದ ಅಂತ್ಯದಲ್ಲಿ ದಂಪತಿಗಳು ಏದೆನ್ನಿನ ಬಾಗಿಲಿನಿಂದ ಹೊರಡುವಾಗಲೂ ಇದೇ ವಿನ್ಯಾಸ. ನೆಲೆಯನ್ನು ಆರಿಸಿಕೊಳ್ಳಲು ಲೋಕವೆಲ್ಲ ಮುಂದಿದೆಯೆಂಬುದು ಮೊದಲು, ದೈವವು ದಾರಿ ತೋರಿಸುವುದೆಂಬುದು ಆಮೇಲೆ. ನವಮಸರ್ಗದಲ್ಲಿ ಬಿಟ್ಟುಹೋದ ಕೈಗಳು ಇಲ್ಲಿ ಮತ್ತೆ ಕೂಡಿವೆ. ಹೆಜ್ಜೆಗಳು ಮಾತ್ರ ನಿಧಾನ, ತಡವರಿಸುತ್ತಿವೆ.