ಗೆದ್ದವರ ಹಾಡು

2022ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ಗೆದ್ದ ರಾತ್ರಿ ಅರ್ಜೆಂಟೀನಾದ ಅಭಿಮಾನಿಗಳು ಹಾಡಿದ್ದು ‘ಮುಚಾಚೋಸ್’. ಲಾ ಮೋಸ್ಕಾ ತಂಡದ ಹಳೆಯ ಗೀತೆಯ ಧಾಟಿಗೆ ಮೇಷ್ಟ್ರೊಬ್ಬರು ಹೊಸ ಮಾತು ಕೂಡಿಸಿ ಕಟ್ಟಿದ ಹಾಡು. ಸ್ಪ್ಯಾನಿಷ್ ಬಾರದ ನಾನೂ ಅದನ್ನು ಗುನುಗಿದ್ದೇನೆ. ಗೆಲುವಿನ ಹಾಡಾದರೂ ಅದು ಸೋತ ಫೈನಲ್‌ಗಳಿಗಾಗಿ ಅಳುತ್ತದೆ. 1982ರ ಮಾಲ್ವಿನಾಸ್ ಯುದ್ಧದ ಹುಡುಗರನ್ನು, ತೀರಿಹೋದ ಮರಡೋನಾನನ್ನು ನೆನೆಯುತ್ತದೆ. ಬ್ರೆಜಿಲ್ಲನ್ನು ಚುಚ್ಚುವ ಸಾಲೂ ಇದೆ. ಅದು ಆಟದ ಕೀಟಲೆ.

ಆದರೆ ಅದೇ ಅಭಿಮಾನಿಗಳ ನಡುವೆ ಹುಟ್ಟಿದ ಇನ್ನೊಂದು ಹಾಡು ಫ್ರಾನ್ಸ್ ಆಟಗಾರರ ಆಫ್ರಿಕನ್ ಮೂಲವನ್ನು ಹೀಯಾಳಿಸುತ್ತದೆ. 2024ರಲ್ಲಿ ಕೋಪಾ ಅಮೆರಿಕಾ ಗೆದ್ದ ಕೆಲವು ಆಟಗಾರರು ಬಸ್ಸಿನಲ್ಲಿ ಅದನ್ನೇ ಹಾಡಿದರು. ಆ ದೃಶ್ಯವನ್ನು ಹರಿಯಬಿಟ್ಟ ಎಂಜೊ ಫರ್ನಾಂಡಿಸ್ ಕ್ಷಮೆ ಕೇಳಬೇಕಾಯಿತು.

ತನ್ನ ಸೋಲನ್ನು ನೆನೆಯುವ ಹಾಡಿಗೆ ಯಾರೂ ದನಿಗೂಡಿಸಬಹುದು. ಪರರ ಹುಟ್ಟನ್ನು ಹಂಗಿಸುವ ಹಾಡು, ಎಷ್ಟು ಕಪ್ ಗೆದ್ದರೂ, ಸಣ್ಣದೇ.