ಭೋಪಾಲದ ಮಗು: ಒಂದು ಮುಖ, ಎರಡು ಕ್ಯಾಮೆರಾ

1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸೈನೇಟ್ ಸೋರಿ ಮಲಗಿದ್ದ ಊರಿನ ಮೇಲೆ ಹರಡಿತು. ಸುದ್ದಿಯ ಬೆನ್ನುಹತ್ತಿ ಅಲ್ಲಿಗೆ ಹೋದವರಲ್ಲಿ ಛಾಯಾಗ್ರಾಹಕರಾದ ರಘು ರಾಯ್ ಮತ್ತು ಪಾಬ್ಲೊ ಬಾರ್ಥೊಲೊಮ್ಯೂ ಇದ್ದರು. ಹೂಳುತ್ತಿದ್ದ ಒಂದೇ ಮಗುವಿನ ಮುಖವನ್ನು ಇಬ್ಬರೂ ತೆಗೆದರು. ರಾಯ್ ಅವರದು ಕಪ್ಪು-ಬಿಳುಪು, ಬಾರ್ಥೊಲೊಮ್ಯೂ ಅವರದು ಬಣ್ಣದ ಚಿತ್ರ. ಎರಡನೆಯದಕ್ಕೆ ವರ್ಲ್ಡ್ ಪ್ರೆಸ್ ಫೋಟೊ ಸಂಸ್ಥೆಯ ವರ್ಷದ ಚಿತ್ರ ಪ್ರಶಸ್ತಿ ಬಂತು.

ರಾಯ್ ಚಿತ್ರದಲ್ಲಿ ಮಣ್ಣು, ಕಲ್ಲುಚೂರುಗಳ ನಡುವೆ ಮುಖವಷ್ಟೇ ಉಳಿದಿದೆ. ಕಣ್ಣು ತೆರೆದೇ ಇದೆ. ದೊಡ್ಡವರೊಬ್ಬರ ಕೈ ಆ ಮುಖವನ್ನು ಮುಟ್ಟುತ್ತಿದೆ. ಮಣ್ಣು ಮುಚ್ಚುತ್ತಿದೆಯೋ, ಕೊನೆಯ ಸಲ ನೋಡಲೆಂದು ಸರಿಸುತ್ತಿದೆಯೋ ಎಂಬುದು ತಿಳಿಯದಂತೆ ಆ ಗಳಿಗೆ ನಿಂತುಬಿಟ್ಟಿದೆ. ಚಿತ್ರದ ಬಲವೆಲ್ಲ ಆ ಕೈಯಲ್ಲಿದೆ. ಅದಿಲ್ಲದಿದ್ದರೆ ಇದು ಶವದ ದಾಖಲೆಯಷ್ಟೇ ಆಗುತ್ತಿತ್ತು. ಬಣ್ಣದ ಚಿತ್ರ ಇನ್ನೂ ನಿಷ್ಠುರ: ಕಣ್ಣಿಗೆ ಕವಿದ ಬಿಳುಪು ವಿಷ ಮಾಡಿದ ಕೆಲಸವನ್ನು ನೇರವಾಗಿ ತೋರಿಸುತ್ತದೆ. ಸುದ್ದಿಯಾಗಿ ಬಣ್ಣದ್ದು ಹೆಚ್ಚು ಖಚಿತ. ನೆನಪಿನಲ್ಲಿ ಹೆಚ್ಚು ಕಾಲ ಉಳಿದದ್ದು ಕಪ್ಪು-ಬಿಳುಪಿನದು.

ಆದರೆ ಎರಡೂ ಚಿತ್ರಗಳು ಕೊಲೆಯನ್ನು ತೋರಿಸುತ್ತವೆಯೇ ಹೊರತು ಕೊಂದವರನ್ನಲ್ಲ. ಮೀಥೈಲ್ ಐಸೋಸೈನೇಟ್ ತುಂಬಿದ್ದ ಟ್ಯಾಂಕಿಗೆ ನೀರು ಹೊಕ್ಕದ್ದು, ಒಳಗಿನ ದ್ರವವನ್ನು ತಂಪಾಗಿಡಬೇಕಿದ್ದ ಶೈತ್ಯ ಘಟಕವನ್ನು ಮೊದಲೇ ನಿಲ್ಲಿಸಿದ್ದದ್ದು, ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರ ಕೆಟ್ಟು ನಿಂತಿದ್ದದ್ದು ಯಾವ ಫ್ರೇಮಿಗೂ ಸಿಗುವಂಥವಲ್ಲ. ಅದಕ್ಕೆ ಅಡಿಬರಹ ಬೇಕು, ವರದಿ ಬೇಕು. ಅವು ಕಳಚಿದಾಗ ಈ ಮಗು ಭೂಕಂಪಕ್ಕೋ ಪ್ರವಾಹಕ್ಕೋ ಸಿಕ್ಕಿದ ಮಗುವಿನಂತೆಯೂ ಕಾಣಬಲ್ಲದು. ಪೋಸ್ಟರು, ಮುಖಪುಟಗಳಲ್ಲಿ ಮತ್ತೆ ಮತ್ತೆ ಅಚ್ಚಾದಷ್ಟೂ ಈ ಮುಖ ಒಂದು ಅಪರಾಧದ ಸಾಕ್ಷ್ಯವಾಗಿ ಉಳಿಯದೆ ದುಃಖದ ಲಾಂಛನವಾಗುತ್ತ ಹೋಯಿತು.

ಒಪ್ಪಿಗೆಯ ಪ್ರಶ್ನೆಯೂ ಇದೆ. ಹೋಲಿಕೆಗೆ ಇನ್ನೊಂದು ಚಿತ್ರವನ್ನು ನೋಡಬಹುದು. ಕೈಗಾರಿಕಾ ಪಾದರಸದಿಂದ ಅಂಗವಿಕಲಳಾದ ಮಗಳನ್ನು ಸ್ನಾನದ ತೊಟ್ಟಿಯಲ್ಲಿ ಹಿಡಿದ ತಾಯಿಯ ಚಿತ್ರವನ್ನು ಡಬ್ಲ್ಯೂ. ಯೂಜಿನ್ ಸ್ಮಿತ್ 1971ರಲ್ಲಿ ಜಪಾನಿನ ಮಿನಮಾಟಾದಲ್ಲಿ ತೆಗೆದದ್ದು ಆ ಕುಟುಂಬದ ಸಮ್ಮತಿಯಿಂದ. ಮಗಳು ತೀರಿಕೊಂಡು ವರ್ಷಗಳಾದ ಮೇಲೆ, 1998ರಲ್ಲಿ, ಅದರ ಬಳಕೆಯ ನಿರ್ಧಾರ ತಂದೆತಾಯಿಯ ಕೈಗೆ ಮರಳಿತು. ಭೋಪಾಲದ ಮಗುವಿನ ಹೆಸರೇ ಗೊತ್ತಿಲ್ಲ. ಬೇಡ ಎನ್ನಲು ಅದರ ಪರವಾಗಿ ಯಾರೂ ಇಲ್ಲ. ಹಾಗೆಂದು ಚಿತ್ರ ತೆಗೆಯಬಾರದಿತ್ತು ಎನ್ನಲಾಗದು. ಸತ್ತವರ ಲೆಕ್ಕವೇ ಇಂದಿಗೂ ವಿವಾದದಲ್ಲಿರುವ ಊರಿನಲ್ಲಿ ಅಲ್ಲಗಳೆಯಲಾಗದ ಒಂದು ಸಾವಾದರೂ ದಾಖಲಾಗಬೇಕಿತ್ತು. ಹೊಣೆ ಇರುವುದು ಆಮೇಲಿನ ಬಳಕೆಯಲ್ಲಿ.

ರಾಯ್ ಅವರ ದೊಡ್ಡ ಕೆಲಸ ಎಂದು ಎಣಿಸಬೇಕಾದದ್ದು ಆಮೇಲಿನದು. 1989ರಲ್ಲಿ ಯೂನಿಯನ್ ಕಾರ್ಬೈಡ್ 47 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತ್ತು. ಹೊರಗಿನ ಪತ್ರಿಕೆಗಳ ಪಾಲಿಗೆ ಕಥೆ ಅಲ್ಲಿಗೆ ಮುಗಿದಿತ್ತು. ಹೊಸ ಶತಮಾನದ ಆರಂಭದಲ್ಲಿ ಪರಿಸರ ಸಂಸ್ಥೆ ಗ್ರೀನ್‌ಪೀಸ್‌ಗಾಗಿ ರಾಯ್ ಮತ್ತೆ ಭೋಪಾಲಕ್ಕೆ ಹೋದರು. ತುಕ್ಕು ಹಿಡಿದ ಕಾರ್ಖಾನೆ, ರೋಗ ಬಿಡದ ಬದುಕುಳಿದವರು, ಅದೇ ಬಸ್ತಿಗಳ ನಿತ್ಯದ ಬಾಳು ಈ ಸರಣಿಯಲ್ಲಿವೆ. ಚಳವಳಿಯ ಸಂಸ್ಥೆಗಾಗಿ ತೆಗೆದ ಚಿತ್ರಗಳು ಪಕ್ಷಪಾತಿ ಎಂಬ ಆಕ್ಷೇಪ ಸುಳ್ಳಲ್ಲ, ಆದರೆ ಹಗುರವಾದದ್ದು. ಪತ್ರಿಕೆಗಳು ಹೋಗದ ಕಡೆ ಹೋದವರ ಪಕ್ಷವನ್ನು ಮಾತ್ರ ಪ್ರಶ್ನಿಸುವುದು ವಿಚಿತ್ರ ನ್ಯಾಯ. ಕೆಲವು ಚಿತ್ರಗಳಲ್ಲಿ ಸಂಯೋಜನೆಯ ಚೆಲುವು ಮಾಹಿತಿಯನ್ನು ಮೀರುತ್ತದೆ ಎಂಬುದು ಅದಕ್ಕಿಂತ ತೂಕದ ದೂರು. ರಾಯ್ ಅವರ ಕಣ್ಣಿಗೆ ಆ ಚಪಲ ಮೊದಲಿಂದಲೂ ಇದ್ದದ್ದೇ.

ಆದರೂ ವಿಷದ ಪರಿಣಾಮ ಎಷ್ಟು ಕಾಲ ಎಳೆಯುತ್ತದೆ, ಯಾರ ಮೈಯಲ್ಲಿ ಎಳೆಯುತ್ತದೆ ಎಂಬುದನ್ನು ಈ ಸರಣಿ ಹೇಳುವಷ್ಟು ಮಗುವಿನ ಚಿತ್ರ ಹೇಳಲಾರದು. ಸುದ್ದಿ ಛಾಯಾಗ್ರಹಣದ ಕೆಲಸ ತಿಳಿಸುವುದಾದರೆ ಇದೇ ಮೇಲು. ಪ್ರಸಿದ್ಧಿ ಮಾತ್ರ ಅದಕ್ಕೆ ದಕ್ಕಲಿಲ್ಲ. ಡಿಸೆಂಬರ್ ಬಂದರೆ ಸಂಪಾದಕರು ಹುಡುಕುವುದು ಇಂದಿಗೂ 1984ರ ಮುಖವನ್ನೇ.